ಅಂಗಳದ ಕಾರು, ಬೀದಿಯ ಕಣ್ಣು

ಅಮೆರಿಕದ ಬಹಳಷ್ಟು ನಗರ ಮತ್ತು ಕೌಂಟಿಗಳಲ್ಲಿ ನೋಂದಣಿ ಇಲ್ಲದ ಕಾರನ್ನು ಸ್ವಂತ ಮನೆಯ ಅಂಗಳದಲ್ಲಿ ಬಯಲಿಗೆ ಕಾಣುವಂತೆ ನಿಲ್ಲಿಸಿಕೊಳ್ಳುವಂತಿಲ್ಲ. ಕಾರು ಓಡುತ್ತಿರಬೇಕಾಗಿಲ್ಲ, ರಸ್ತೆಗೆ ಇಳಿದಿರಬೇಕಾಗಿಲ್ಲ. ನಂಬರ್ ಪ್ಲೇಟಿನ ಅವಧಿ ಮುಗಿದಿದ್ದರೂ ಸಾಕು, ನಗರಾಡಳಿತದ ಕೋಡ್ ಎನ್‌ಫೋರ್ಸ್‌ಮೆಂಟ್ ವಿಭಾಗದಿಂದ ನೋಟಿಸು ಬರಬಹುದು. ಗಡುವಿನೊಳಗೆ ಕಾರನ್ನು ನೋಂದಾಯಿಸಬೇಕು, ಗ್ಯಾರೇಜಿನೊಳಗೆ ಸೇರಿಸಬೇಕು, ಇಲ್ಲವೇ ಸಾಗಹಾಕಬೇಕು. ಯಾವುದೂ ಆಗದಿದ್ದರೆ ಎಷ್ಟೋ ಕಡೆ ದಿನದ ಲೆಕ್ಕದಲ್ಲಿ ದಂಡ ಬೀಳುತ್ತದೆ. ಕೊನೆಗೆ ಟೋಯಿಂಗ್ ಲಾರಿ ಬಂದು ಎಳೆದೊಯ್ದರೆ ಅದರ ಖರ್ಚೂ ಸಾಮಾನ್ಯವಾಗಿ ಮಾಲೀಕನ ತಲೆಗೇ. ನಿಯಮ ಸಣ್ಣದು. ಆದರೆ ತನ್ನ ನೆಲದಲ್ಲಿ ತನ್ನ ವಸ್ತು ಸುಮ್ಮನೆ ನಿಂತಿರುವಾಗ ಅದನ್ನು ತೆಗೆ ಎನ್ನುವ ಅಧಿಕಾರ ಊರಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಸಣ್ಣದಲ್ಲ. ಒಡೆತನವೆಂದರೇನು, ಹಾನಿಯೆಂದರೇನು, ನೆರೆಯವನಿಗೆ ಯಾವುದು ಸಲ್ಲಬೇಕು ಎಂದು ತತ್ತ್ವಜ್ಞರೂ ಧರ್ಮಶಾಸ್ತ್ರಕಾರರೂ ಶತಮಾನಗಳಿಂದ ನಡೆಸಿದ ಚರ್ಚೆ ಈ ತುಕ್ಕು ಹಿಡಿದ ಕಾರಿನ ಸುತ್ತ ಮತ್ತೆ ನಡೆಯುತ್ತದೆ.

ವಾಹನ ನೋಂದಣಿ ಹುಟ್ಟಿದ್ದು ರಸ್ತೆಗಾಗಿ. ನ್ಯೂಯಾರ್ಕ್ ರಾಜ್ಯ 1901ರಲ್ಲಿ ವಾಹನ ಮಾಲೀಕರು ನೋಂದಾಯಿಸಿಕೊಳ್ಳಬೇಕೆಂದಿತು. 1903ರಲ್ಲಿ ಮ್ಯಾಸಚೂಸೆಟ್ಸ್ ತಾನೇ ನಂಬರ್ ಪ್ಲೇಟು ಹಂಚತೊಡಗಿತು. ಎಲ್ಲರೂ ಬಳಸುವ ದಾರಿಯಲ್ಲಿ ವೇಗದ ಯಂತ್ರ ಓಡಿಸುವವನು ಯಾರೆಂದು ಗೊತ್ತಿರಬೇಕು ಎಂಬುದು ಅದರ ತರ್ಕ. ಈ ತರ್ಕಕ್ಕೆ ಅಂಗಳದಲ್ಲಿ ಕೆಲಸವಿಲ್ಲ. ಆದರೂ ಅನೇಕ ಊರುಗಳು ತಮ್ಮದಾಗಿಸಿಕೊಂಡಿರುವ ‘ಇಂಟರ್‌ನ್ಯಾಷನಲ್ ಪ್ರಾಪರ್ಟಿ ಮೇಂಟೆನೆನ್ಸ್ ಕೋಡ್’ ಎಂಬ ಮಾದರಿ ಸಂಹಿತೆಯ 302.8ನೇ ವಿಧಿ, ಓಡದ ವಾಹನವನ್ನೂ ಲೈಸೆನ್ಸ್ ಇಲ್ಲದ ವಾಹನವನ್ನೂ ಒಂದೇ ಸಾಲಿನಲ್ಲಿಟ್ಟು, ಯಾವ ನಿವೇಶನದಲ್ಲೂ ಇಡಕೂಡದೆನ್ನುತ್ತದೆ. ವರ್ಜೀನಿಯಾ ರಾಜ್ಯದ ಕಾನೂನು ‘ಓಡದ ವಾಹನ’ ಎಂಬುದರ ವ್ಯಾಖ್ಯೆಯೊಳಗೇ ಚಾಲ್ತಿಯಲ್ಲಿರುವ ಪ್ಲೇಟು ಇಲ್ಲದ್ದನ್ನೂ ಸೇರಿಸಿದೆ. ಅಲ್ಲಿ ಕೀಲಿ ತಿರುಗಿಸಿದೊಡನೆ ಗುರ್ರೆನ್ನುವ ಎಂಜಿನ್ ಇದ್ದರೂ ಕಾಗದ ಇಲ್ಲದ ಕಾರು ಓಡದ ಕಾರೇ.

ಈ ಕಾನೂನುಗಳು ಏನನ್ನು ನಿಷೇಧಿಸುತ್ತವೆ ಎಂಬುದಕ್ಕಿಂತ ಏನನ್ನು ಬಿಟ್ಟುಕೊಡುತ್ತವೆ ಎಂಬುದನ್ನು ನೋಡಿದರೆ ಅವುಗಳ ಒಳಮನಸ್ಸು ತಿಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದೇ ಕಾರು ಬೀದಿಗಾಗಲಿ ಪಕ್ಕದ ಮನೆಗಾಗಲಿ ಕಾಣದಂತೆ ಕಟ್ಟಡದೊಳಗೆ ಪೂರ್ತಿ ಮುಚ್ಚಿಕೊಂಡಿದ್ದರೆ ತಕರಾರಿಲ್ಲ. ವರ್ಜೀನಿಯಾದ ಕಾನೂನು ಇನ್ನೂ ಕರಾರುವಾಕ್ಕಾಗಿದೆ: ನಿವೇಶನದ ಹೊರಗೆ ನೆಲದ ಮೇಲೆ ನಿಂತವನ ಕಣ್ಣಿಗೆ ಕಾರು ಬೀಳಬಾರದು. ಸೋರುವ ಎಣ್ಣೆ ಗ್ಯಾರೇಜಿನೊಳಗೂ ಸೋರುತ್ತದೆ, ತೀರದ ತೆರಿಗೆ ಗೋಡೆಯ ಹಿಂದೆಯೂ ತೀರಿರುವುದಿಲ್ಲ. ಗೋಡೆಯಿಂದ ಬದಲಾಗುವುದು ನೋಟ ಒಂದೇ. ಹಾಗಾಗಿ ಇಲ್ಲಿ ಕಾನೂನು ಕಾಯುತ್ತಿರುವುದು ರಸ್ತೆಯನ್ನಲ್ಲ, ಖಜಾನೆಯನ್ನಲ್ಲ, ನೋಡುವವನ ಕಣ್ಣನ್ನು. ಅಧಿಕೃತ ಕಾರಣಗಳ ಪಟ್ಟಿಯಲ್ಲಿ ಆರೋಗ್ಯ, ಸುರಕ್ಷತೆ ಮೊದಲು ಬರುತ್ತವೆ. ವಿನಾಯಿತಿಗಳು ನಿಜ ಹೇಳುತ್ತವೆ.

ಆರೋಗ್ಯದ ಮಾತು ಸುಳ್ಳೆಂದಲ್ಲ. ಕೆಟ್ಟು ನಿಂತ ಕಾರಿನ ರೇಡಿಯೇಟರಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ, ಬೆಕ್ಕುಗಳು ನೆಕ್ಕಿ ಸಾಯುತ್ತವೆ. ಬ್ಯಾಟರಿಯಲ್ಲಿ ಸೀಸ ಮತ್ತು ಆಮ್ಲ ಇರುತ್ತವೆ. ಹಳೆಯ ಟಯರಿನೊಳಗೆ ನಿಂತ ನೀರು ಸೊಳ್ಳೆಯ ತವರು. 1985ರಲ್ಲಿ ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ ನೆಲೆಯೂರಿದ ಏಷ್ಯಾದ ಹುಲಿಸೊಳ್ಳೆ ಹಡಗಿನಲ್ಲಿ ಬಂದ ಹಳೆ ಟಯರುಗಳ ಜೊತೆಗೇ ಬಂದದ್ದೆಂದು ಕೀಟಶಾಸ್ತ್ರಜ್ಞರು ನಂಬುತ್ತಾರೆ. ಜಾನ್ ಸ್ಟುವರ್ಟ್ ಮಿಲ್ 1859ರ ‘ಆನ್ ಲಿಬರ್ಟಿ’ಯಲ್ಲಿ ಹಾಕಿಕೊಟ್ಟ ಅಳತೆ, ಅಂದರೆ ಇನ್ನೊಬ್ಬರಿಗೆ ಹಾನಿಯಾಗುವುದನ್ನು ತಡೆಯಲು ಮಾತ್ರ ಸಮಾಜ ವ್ಯಕ್ತಿಯ ಮೇಲೆ ಬಲ ಬಳಸಬಹುದು ಎಂಬುದು, ಇವುಗಳಿಗೆಲ್ಲ ತಂಟೆಯಿಲ್ಲದೆ ಹೊಂದುತ್ತದೆ. ತೊಡಕು ಬೇರೆ ಇದೆ. ಈ ಹಾನಿಗಳಿಗೂ ನೋಂದಣಿಗೂ ಸಂಬಂಧವಿಲ್ಲ. ಚಾಲ್ತಿ ಪ್ಲೇಟಿನ ಹಳೆ ಪಿಕಪ್ ಎಣ್ಣೆ ಸುರಿಸುತ್ತಿರಬಹುದು. ತೀರಿಹೋದ ತಂದೆಯ ಕಾರನ್ನು ತೊಳೆದು ಒರೆಸಿ, ಓಡಿಸದೆ ಇಟ್ಟುಕೊಂಡವನ ಅಂಗಳ ಸ್ವಚ್ಛವಾಗಿರಬಹುದು.

ಹಾಗಾದರೆ ಹಾನಿಯನ್ನೇ ಅಳೆಯದೆ ಕಾಗದವನ್ನು ಯಾಕೆ ಅಳೆಯುತ್ತಾರೆ? ಉತ್ತರದ ಒಂದು ಭಾಗ ಮನೆಯ ಏಕಾಂತವನ್ನು ಕಾಯುವ ಕಾನೂನಿನಲ್ಲೇ ಇದೆ. 1604ರ ಸೆಮೇನ್ ಮೊಕದ್ದಮೆಯ ವರದಿಯಲ್ಲಿ ಇಂಗ್ಲೆಂಡಿನ ಕಾನೂನು ಪಂಡಿತ ಎಡ್ವರ್ಡ್ ಕೋಕ್ ಮನೆಯನ್ನು ಯಜಮಾನನ ಕೋಟೆಯೆಂದ. ಬಡವನ ಮುರುಕು ಗುಡಿಸಲಿಗೆ ಗಾಳಿಮಳೆ ನುಗ್ಗಬಹುದು, ದೊರೆ ನುಗ್ಗಲಾರ ಎಂಬ ಅರ್ಥದ ವಿಲಿಯಂ ಪಿಟ್‌ನ ಮಾತು ಇಂಗ್ಲಿಷ್ ರಾಜಕಾರಣದಲ್ಲಿ ಹೆಸರಾಯಿತು. ಆ ಪರಂಪರೆಯನ್ನು ಹಿಡಿದು ಅಮೆರಿಕದ ಸುಪ್ರೀಂ ಕೋರ್ಟ್ 1967ರ ಕಮಾರಾ ತೀರ್ಪಿನಲ್ಲಿ, ಮನೆಯವರು ಒಪ್ಪದಿದ್ದರೆ ನಗರಾಡಳಿತದ ತಪಾಸಣೆಯವನೂ ವಾರಂಟ್ ತರಬೇಕೆಂದಿತು. 2018ರ ಕಾಲಿನ್ಸ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಯಿತು: ಡ್ರೈವ್‌ವೇಯಲ್ಲಿ ಟಾರ್ಪಾಲು ಹೊದಿಸಿ ನಿಲ್ಲಿಸಿದ್ದ ಮೋಟಾರ್‌ಸೈಕಲ್ಲನ್ನು ಪೊಲೀಸನೊಬ್ಬ ವಾರಂಟಿಲ್ಲದೆ ಹೊದಿಕೆ ಎತ್ತಿ ನೋಡಿದ್ದು, ಮನೆಗೆ ಹೊಂದಿದ ಆ ಜಾಗವನ್ನು ಮನೆಯಂತೆಯೇ ಕಾಣಬೇಕಾದ್ದರಿಂದ, ಸಂವಿಧಾನಕ್ಕೆ ವಿರುದ್ಧವೆಂದಿತು. ಒಳಹೋಗಿ ನೋಡಲಾರದ ಅಧಿಕಾರಿ ಬೀದಿಯಲ್ಲಿ ನಿಂತು ಕಾಣುವುದನ್ನೇ ನೆಚ್ಚಬೇಕು. ಎಂಜಿನ್ ಸತ್ತಿದೆಯೇ, ಟ್ಯಾಂಕ್ ಸೋರುತ್ತಿದೆಯೇ ಎಂಬುದು ಅಲ್ಲಿಂದ ತಿಳಿಯದು. ಪ್ಲೇಟಿನ ಸ್ಟಿಕ್ಕರು ತಿಳಿಯುತ್ತದೆ. ಏಕಾಂತಕ್ಕೆ ಸಿಕ್ಕ ರಕ್ಷಣೆಯೇ ಕಾನೂನನ್ನು ಮೇಲ್ಮೈಯ ಗುರುತುಗಳ ಕಡೆಗೆ ತಳ್ಳಿತು ಎನ್ನುವುದು ಈ ಕಥೆಯ ವಿಚಿತ್ರ ತಿರುವು.

ಒಡೆತನದ ಬಗೆಗೆ ಎರಡು ಹಳೆಯ ಕಲ್ಪನೆಗಳು ಇಲ್ಲಿ ಡಿಕ್ಕಿ ಹೊಡೆಯುತ್ತವೆ. 1760ರ ದಶಕದಲ್ಲಿ ಇಂಗ್ಲಿಷ್ ಕಾನೂನಿಗೆ ಭಾಷ್ಯ ಬರೆದ ವಿಲಿಯಂ ಬ್ಲ್ಯಾಕ್‌ಸ್ಟೋನ್ ಆಸ್ತಿಯನ್ನು ಒಬ್ಬನು ಮಿಕ್ಕೆಲ್ಲರನ್ನೂ ಹೊರಗಿಟ್ಟು ವಸ್ತುವಿನ ಮೇಲೆ ನಡೆಸುವ ದೊರೆತನವೆಂದು ಬಣ್ಣಿಸಿದ. ಅವನಿಗಿಂತ ಐದು ಶತಮಾನ ಹಿಂದೆ ಥಾಮಸ್ ಅಕ್ವಿನಾಸ್ ಬೇರೆಯದೇ ಹೇಳಿದ್ದ: ಸಂಪಾದಿಸುವ, ನೋಡಿಕೊಳ್ಳುವ ಅಧಿಕಾರ ಒಬ್ಬೊಬ್ಬನಿಗೆ ಇರುವುದು ಸರಿ, ಆದರೆ ಬಳಕೆಯ ವಿಷಯದಲ್ಲಿ ವಸ್ತುವನ್ನು ಎಲ್ಲರದೂ ಎಂಬಂತೆ ಕಾಣಬೇಕು. ಗಾಂಧೀಜಿಯ ಧರ್ಮದರ್ಶಿತ್ವ ಈ ಎರಡನೆಯ ಸಾಲಿನದು. ಅಂಗಳದ ಕಾರಿನ ಮಾಲೀಕ ಬ್ಲ್ಯಾಕ್‌ಸ್ಟೋನನ ಮಾತಾಡುತ್ತಾನೆ, ನೋಟಿಸು ಕಳಿಸುವ ಊರು ಅಕ್ವಿನಾಸನ ಮಾತಾಡುತ್ತದೆ. ಊರು ಅದನ್ನು ಅರ್ಧ ಮಾತ್ರ ಆಡುತ್ತದೆ ಎಂಬುದೇ ತಕರಾರು. ಎಲ್ಲರ ಬಳಕೆಗೆ ಒದಗಬೇಕೆಂಬ ಕರ್ತವ್ಯವನ್ನು ಅಕ್ವಿನಾಸ್ ಹೇಳಿದ್ದು ಇಲ್ಲದವನ ಕೊರತೆಯನ್ನು ಕಣ್ಣಮುಂದಿಟ್ಟುಕೊಂಡು. ಇಲ್ಲಿ ಅದನ್ನು ಎಷ್ಟೋ ಸಲ ಇಲ್ಲದವನ ಮೇಲೆಯೇ ಹೇರಲಾಗುತ್ತದೆ.

ಅಮೆರಿಕದ ಮುಂಗಳ ಅರ್ಧ ಸಾರ್ವಜನಿಕವಾದದ್ದಕ್ಕೆ ಇತಿಹಾಸವಿದೆ. 1841ರಲ್ಲಿ ತೋಟಗಾರಿಕೆಯ ಪ್ರಸಿದ್ಧ ಪುಸ್ತಕ ಬರೆದ ಆಂಡ್ರೂ ಜಾಕ್ಸನ್ ಡೌನಿಂಗ್, ಅಂದದ ಮನೆ ಮತ್ತು ಹಸಿರು ಅಂಗಳ ಜನರ ನಡತೆಯನ್ನು ತಿದ್ದುತ್ತವೆ ಎಂದು ನಂಬಿದ್ದ. ಅವನಲ್ಲಿ ಸೌಂದರ್ಯ ಹೆಚ್ಚುಕಡಿಮೆ ಧಾರ್ಮಿಕ ಸಾಧನೆ. ಮುಂದೆ 1869ರ ಸುಮಾರಿಗೆ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಶಿಕಾಗೊ ಪಕ್ಕದ ರಿವರ್‌ಸೈಡ್ ಬಡಾವಣೆಯನ್ನು ರೂಪಿಸಿದಾಗ, ಮನೆಗಳು ರಸ್ತೆಯಿಂದ 30 ಅಡಿ ಹಿಂದಿರಬೇಕು, ಮುಂದೆ ಎತ್ತರದ ಬೇಲಿ ಗೋಡೆ ಇರಕೂಡದು ಎಂಬ ಕ್ರಮ ಬಂತು. ಹತ್ತಾರು ಮನೆಗಳ ಹುಲ್ಲುಹಾಸು ಒಂದಕ್ಕೊಂದು ಸೇರಿ ಒಂದೇ ಉದ್ಯಾನದಂತೆ ಕಾಣಬೇಕೆಂಬುದು ಉದ್ದೇಶ. ನಮ್ಮ ಊರುಗಳ ಕಾಂಪೌಂಡ್ ಗೋಡೆ ಅಲ್ಲಿಲ್ಲ. ನೋಟ ಹಂಚಿಕೊಂಡದ್ದು, ಖರ್ಚು ಮಾತ್ರ ಆಯಾ ಮನೆಯದು. ಅಮೆರಿಕದ ಉಪನಗರಗಳಲ್ಲಿ ನೆಲೆಸಿದ ಕನ್ನಡಿಗರು ಊರಿಗೆ ಬಂದು ಆರು ತಿಂಗಳು ಇದ್ದು ಹೋಗುವಾಗ, ಅಲ್ಲಿ ನಿಲ್ಲಿಸಿಬಂದ ಎರಡನೆಯ ಕಾರಿನ ನೋಂದಣಿ ಮುಗಿಯದಂತೆ ನೋಡಿಕೊಳ್ಳಬೇಕಾಗುವುದು ಈ ಹಂಚಿಕೊಂಡ ನೋಟದಿಂದಲೇ. ನಿವಾಸಿಗಳ ಸಂಘವಿರುವ ಬಡಾವಣೆಯಲ್ಲಿ ಈ ಅಧಿಕಾರ ಎಲ್ಲಿಂದ ಬಂತೆಂಬ ಪ್ರಶ್ನೆ ಹಗುರ: ಮನೆ ಕೊಳ್ಳುವಾಗಲೇ ಕರಾರಿಗೆ ಸಹಿ ಬಿದ್ದಿರುತ್ತದೆ. ಯಾವ ಕರಾರೂ ಇಲ್ಲದ ಕಡೆ ಊರು ತಾನೇ ನಿಯಮ ಹೇರಿದಾಗ ಅದು ಬಿಗಿಯಾಗುತ್ತದೆ.

ಕಣ್ಣಿಗೆ ಹಿತವಲ್ಲ ಎಂಬುದೊಂದೇ ಕಾರಣಕ್ಕೆ ಸರ್ಕಾರ ಆಸ್ತಿಯ ಮೇಲೆ ಕೈ ಇಡಬಹುದೇ? ಅಮೆರಿಕದ ನ್ಯಾಯಾಲಯಗಳು ಇದಕ್ಕೆ ಕೊಟ್ಟ ಉತ್ತರ ಐದು ದಶಕಗಳಲ್ಲಿ ತಲೆಕೆಳಗಾಯಿತು. 1905ರಲ್ಲಿ ನ್ಯೂಜೆರ್ಸಿಯ ನ್ಯಾಯಾಲಯವೊಂದು ಜಾಹೀರಾತು ಫಲಕಗಳ ಮೊಕದ್ದಮೆಯಲ್ಲಿ, ಸೌಂದರ್ಯ ಶೋಕಿಯ ವಿಷಯ, ಅಗತ್ಯದ್ದಲ್ಲ ಎಂದಿತು. 1926ರಲ್ಲಿ ಓಹಾಯೊದ ಯೂಕ್ಲಿಡ್ ಊರಿನ ಪ್ರಕರಣ ಬಂದಾಗ ಸುಪ್ರೀಂ ಕೋರ್ಟ್ ವಲಯ ನಿಯಮಗಳನ್ನು ಎತ್ತಿಹಿಡಿಯಿತು. ಹಂದಿ ತನ್ನಷ್ಟಕ್ಕೆ ತಪ್ಪಲ್ಲ, ಕೊಟ್ಟಿಗೆ ಬಿಟ್ಟು ಪಡಸಾಲೆಗೆ ಬಂದರೆ ತಪ್ಪು ಎಂಬ ಅರ್ಥದಲ್ಲಿ ನ್ಯಾಯಮೂರ್ತಿ ಸದರ್‌ಲ್ಯಾಂಡ್ ಉಪದ್ರವವನ್ನು ವಿವರಿಸಿದ. 1954ರ ಬರ್ಮನ್ ತೀರ್ಪಿನಲ್ಲಿ ನ್ಯಾಯಮೂರ್ತಿ ವಿಲಿಯಂ ಡಗ್ಲಸ್, ಸಾರ್ವಜನಿಕ ಹಿತವೆಂಬುದು ದೇಹಕ್ಕೆ ಸಂಬಂಧಿಸಿದಂತೆ ಆತ್ಮಕ್ಕೂ ಸೌಂದರ್ಯಕ್ಕೂ ಸಂಬಂಧಿಸಿದ್ದೆಂದ. ಶೋಕಿಯಾಗಿದ್ದದ್ದು ಹೀಗೆ ಆತ್ಮದ ಹಿತವಾಯಿತು.

ಎಲ್ಲಕ್ಕಿಂತ ಸೊಗಸಾದ ಪ್ರಕರಣ ನ್ಯೂಯಾರ್ಕ್ ರಾಜ್ಯದ ರೈ ಎಂಬ ಊರಿನದು. ಅಲ್ಲಿನ ದಂಪತಿ ನಗರದ ತೆರಿಗೆ ಹೆಚ್ಚೆಂದು ಪ್ರತಿಭಟಿಸಿ 1956ರಲ್ಲಿ ಮನೆಯ ಮುಂದೆ ಹಗ್ಗ ಕಟ್ಟಿ ಹರಕು ಬಟ್ಟೆ ನೇತುಹಾಕಿದರು. ತೆರಿಗೆ ಇಳಿಯಲಿಲ್ಲ, ವರ್ಷಕ್ಕೊಂದರಂತೆ ಹಗ್ಗ ಹೆಚ್ಚುತ್ತ ಹೋಯಿತು. 1961ರಲ್ಲಿ ನಗರವು ಮುಂಗಳದ ಬಟ್ಟೆಹಗ್ಗವನ್ನೇ ನಿಷೇಧಿಸಿತು. 1963ರಲ್ಲಿ ರಾಜ್ಯದ ಉಚ್ಚ ಮೇಲ್ಮನವಿ ನ್ಯಾಯಾಲಯ ನಗರದ ಪರ ತೀರ್ಪಿತ್ತಿತು. ಮುಂಗಳದಲ್ಲಿ ಇಟ್ಟದ್ದೆಲ್ಲ ಒಂದು ಬಗೆಯ ಮಾತು, ಬೀದಿಗೆ ಹೇಳಿದ ಮಾತು ಎಂಬುದನ್ನು ಈ ಪ್ರಕರಣ ಬಿಚ್ಚಿಟ್ಟಿತು. ಹಗ್ಗ ಕಟ್ಟಿದವರು ಹೇಳಬೇಕೆಂದೇ ಹೇಳಿದ್ದರು. ಓಡದ ಕಾರಿನ ಯಜಮಾನ ಏನನ್ನೂ ಹೇಳಹೊರಟಿಲ್ಲ. ಅವನ ಕಾರು ಅವನ ಇಷ್ಟಕ್ಕೆ ಮೀರಿ ಅವನ ಜೇಬಿನ ಸ್ಥಿತಿಯನ್ನು ಹೇಳುತ್ತಿರುತ್ತದೆ.

ತತ್ತ್ವಜ್ಞ ಜೋಯಲ್ ಫೈನ್‌ಬರ್ಗ್ 1985ರ ‘ಅಫೆನ್ಸ್ ಟು ಅದರ್ಸ್’ ಗ್ರಂಥದಲ್ಲಿ ಹಾನಿ ಬೇರೆ, ಕಿರಿಕಿರಿ ಬೇರೆ ಎಂದು ವಿಂಗಡಿಸಿದ. ಕಿರಿಕಿರಿಯನ್ನೂ ಕಾನೂನು ತಡೆಯಬಹುದು, ಆದರೆ ಅದು ಎಷ್ಟು ತೀವ್ರ, ಎಷ್ಟು ಕಾಲದ್ದು, ತಪ್ಪಿಸಿಕೊಳ್ಳುವುದು ಎಷ್ಟು ಸುಲಭ, ಅದನ್ನು ಮಾಡುವವನಿಗೆ ಅದರಿಂದ ಏನು ಪ್ರಯೋಜನ ಎಂಬುದನ್ನೆಲ್ಲ ತೂಗಿ ನೋಡಿದ ಮೇಲೆ. ತೂಗಿದರೆ ಎರಡೂ ತಟ್ಟೆಗಳಲ್ಲಿ ಭಾರವಿದೆ. ಎದುರು ಮನೆಯವನು ದಿನವೂ ತನ್ನ ಕಿಟಕಿಯಿಂದ ಅದನ್ನೇ ನೋಡಬೇಕು; ದಾರಿಹೋಕನಂತೆ ಮುಖ ತಿರುಗಿಸಿ ಹೋಗಲಾರ. ಕಾರಿನವನಿಗೂ ಅದರಲ್ಲಿ ಏನೋ ಇದೆ: ಬಿಡಿಭಾಗಕ್ಕೆ ಹಣ ಕೂಡಿದ ಮೇಲೆ ಎಬ್ಬಿಸಬೇಕೆಂಬ ಆಸೆ, ಮಗನಿಗೆ ಕಲಿಸಲು ಇಟ್ಟ ಎಂಜಿನ್, ಗುಜರಿಗೆ ಹಾಕಲು ಬಾರದ ಮನಸ್ಸು. ಕೈಬಿಟ್ಟದ್ದು ಮತ್ತು ಕಾಯುತ್ತಿರುವುದು ನೋಡಲು ಒಂದೇ ಥರ. ಎರಡನ್ನೂ ಬೇರ್ಪಡಿಸುವುದು ಮಾಲೀಕನ ಸಂಕಲ್ಪ. ಕಾನೂನಿನ ಬಳಿ ಅದನ್ನು ಅಳೆಯುವ ಉಪಕರಣವಿಲ್ಲ, ದಿನಗಳ ಗಡುವಿದೆ.

ನೋಟದ ವಾದಕ್ಕೆ ಸಮಾಜಶಾಸ್ತ್ರದ ಬೆಂಬಲ ಕೊಟ್ಟದ್ದು 1982ರಲ್ಲಿ ಜೇಮ್ಸ್ ವಿಲ್ಸನ್ ಮತ್ತು ಜಾರ್ಜ್ ಕೆಲ್ಲಿಂಗ್ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಬರೆದ ‘ಒಡೆದ ಕಿಟಕಿ’ಗಳ ಲೇಖನ. ಅದರಲ್ಲಿ ಬರುವ ಮುಖ್ಯ ಉದಾಹರಣೆಯೇ ನಂಬರ್ ಪ್ಲೇಟಿಲ್ಲದ ಕಾರು. ಮನಶ್ಶಾಸ್ತ್ರಜ್ಞ ಫಿಲಿಪ್ ಜಿಂಬಾರ್ಡೊ 1969ರಲ್ಲಿ ವರದಿ ಮಾಡಿದ ಪ್ರಯೋಗವದು: ಒಂದು ಕಾರನ್ನು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬಾನೆಟ್ ಎತ್ತಿ ನಿಲ್ಲಿಸಿದ, ಅಂಥದೇ ಇನ್ನೊಂದನ್ನು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ. ಬ್ರಾಂಕ್ಸ್‌ನಲ್ಲಿ ಹತ್ತು ನಿಮಿಷದೊಳಗೆ ಒಂದು ಸಂಸಾರ ಬಂದು ಬ್ಯಾಟರಿ, ರೇಡಿಯೇಟರ್ ಬಿಚ್ಚಿಕೊಂಡು ಹೋಯಿತು. ಪಾಲೊ ಆಲ್ಟೊದ್ದನ್ನು ವಾರ ಕಳೆದರೂ ಯಾರೂ ಮುಟ್ಟಲಿಲ್ಲ. ಜಿಂಬಾರ್ಡೊ ತಾನೇ ಸುತ್ತಿಗೆಯಿಂದ ಹೊಡೆದ ಮೇಲೆ ಜನ ಕೈಜೋಡಿಸಿದರು. ಅಸಡ್ಡೆಯ ಒಂದು ಗುರುತು ಇನ್ನಷ್ಟು ಅಸಡ್ಡೆಯನ್ನು ಕರೆಯುತ್ತದೆ ಎಂಬುದು ಲೇಖಕರ ತೀರ್ಮಾನ. ಎರಡೇ ಕಾರುಗಳಿಂದ ಅಷ್ಟು ದೊಡ್ಡ ತೀರ್ಮಾನಕ್ಕೆ ಹೋಗುವುದು ದುಡುಕು. ಅಲ್ಲದೆ ಅವು ಬೀದಿಯಲ್ಲಿ ನಿಂತ, ಯಾರದೂ ಅಲ್ಲದ ಕಾರುಗಳು. ಬಾಗಿಲ ಮುಂದೆ, ಯಜಮಾನನ ಕಣ್ಣಳತೆಯಲ್ಲಿ ನಿಂತ ಕಾರಿಗೆ ಆ ನ್ಯಾಯ ಹೊಂದುವುದಿಲ್ಲ.

ನೋಟಕ್ಕಾಗಿ ಒಬ್ಬನ ಆಸ್ತಿಯನ್ನು ಮುಟ್ಟುವ ಪ್ರಶ್ನೆಯನ್ನು ಯಹೂದಿ ಧರ್ಮಶಾಸ್ತ್ರ ಬಹಳ ಹಿಂದೆಯೇ ಎದುರಿಸಿತ್ತು. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಮಿಶ್ನಾದ ‘ಬಾವಾ ಬತ್ರಾ’ ಭಾಗ, ಮರಗಳು ಊರಿಂದ 25 ಮೊಳ ದೂರವಿರಬೇಕು, ಕೆಲವು ಜಾತಿಯವು 50 ಮೊಳ ಎನ್ನುತ್ತದೆ. ಯಾಕೆ ಎಂಬುದಕ್ಕೆ, ಮಿಶ್ನಾದ ಮೇಲಿನ ಚರ್ಚೆಯಾದ ತಾಲ್ಮುದ್‌ನಲ್ಲಿ ಉಲ್ಲಾ ಎಂಬ ಪಂಡಿತ ಕೊಡುವ ಕಾರಣ: ಊರಿನ ಅಂದ. ಸುತ್ತಲಿನ ಬಯಲು ತೆರೆದಿದ್ದರೆ ಊರಿಗೆ ಚೆಲುವು. ಇಷ್ಟಾದರೆ ಇದು ಬರ್ಮನ್ ತೀರ್ಪಿನ ಪೂರ್ವಜನಷ್ಟೇ. ಆದರೆ ಮಿಶ್ನಾ ಅಲ್ಲಿಗೆ ನಿಲ್ಲುವುದಿಲ್ಲ. ಊರು ಮೊದಲು, ಮರ ಆಮೇಲೆ ಬಂದಿದ್ದರೆ ಕಡಿಯಬೇಕು, ಪರಿಹಾರವಿಲ್ಲ. ಮರ ಮೊದಲು ಬಂದಿದ್ದರೂ ಕಡಿಯಬೇಕು, ಆದರೆ ಊರು ಬೆಲೆ ಕೊಡಬೇಕು. ಹಲವರಿಂದ ಕೂಡಬೇಕಾದ ಹಣ ಬೇಗ ಕೂಡುವುದಿಲ್ಲವಾದ್ದರಿಂದ ಮೊದಲು ಕಡಿದು ಆಮೇಲೆ ಕೇಳಲಿ ಎಂದೂ ತಾಲ್ಮುದ್ ಯೋಚಿಸಿದೆ. ಅಂದ ಎಲ್ಲರದಾದರೆ ಅದರ ನಷ್ಟವನ್ನು ಒಬ್ಬನೇ ಹೊರಕೂಡದು ಎಂಬ ಈ ಲೆಕ್ಕ ಇಂದಿನ ಬಹುಪಾಲು ನಗರ ಸಂಹಿತೆಗಳಲ್ಲಿ ಕಾಣದು. ಅದೇ ‘ಬಾವಾ ಬತ್ರಾ’ದ ಮೊದಲ ಪುಟಗಳಲ್ಲಿ ನೋಟದಿಂದಾಗುವ ಹಾನಿಯ ಚರ್ಚೆಯೂ ಇದೆ. ಅಲ್ಲಿ ನೊಂದವನು ನೆರೆಯವನ ಕಣ್ಣಿಗೆ ಬಿದ್ದವನು. ಅಂಗಳಕ್ಕೆ ಗೋಡೆ ಎಬ್ಬಿಸುವುದು ಅವನ ರಕ್ಷಣೆಗಾಗಿ. ಅಮೆರಿಕದ ಅಂಗಳದಲ್ಲಿ ನೊಂದವನು ನೋಡಿದವನು.

ದಂಡದ ಭಾರ ಯಾರ ಮೇಲೆ ಎಂಬುದು ಇಲ್ಲಿ ಮುಖ್ಯ. ನೋಂದಣಿಯೆಂದರೆ ಶುಲ್ಕ ಮಾತ್ರವಲ್ಲ. ರಾಜ್ಯಕ್ಕೆ ತಕ್ಕಂತೆ ವಿಮೆ, ಹೊಗೆ ತಪಾಸಣೆ, ಸುರಕ್ಷತಾ ತಪಾಸಣೆ. ಓಡದ ಕಾರು ತಪಾಸಣೆಯಲ್ಲಿ ಪಾಸಾಗದು, ಪಾಸಾಗದೆ ನೋಂದಣಿಯಾಗದು, ರಿಪೇರಿಗೆ ಹಣವಿಲ್ಲ. ಗ್ಯಾರೇಜಿರುವವನಿಗೆ ಈ ಸುತ್ತು ತಟ್ಟುವುದೇ ಇಲ್ಲ: ಅವನು ಮೂರು ಹಳೆ ಕಾರು ಒಳಗಿಟ್ಟರೆ ಸಂಗ್ರಾಹಕ, ಇಲ್ಲದವನು ಒಂದನ್ನು ಹೊರಗಿಟ್ಟರೆ ಉಪದ್ರವಕಾರಿ. ಫ್ಲಾರಿಡಾದ ಲಂಟಾನಾದಲ್ಲಿ ಒಂದು ಮನೆಯವರ ಕಾರುಗಳು ಡ್ರೈವ್‌ವೇಯಲ್ಲಿ ಸಾಲದೆ ಚಕ್ರ ಹುಲ್ಲಿನ ಮೇಲೆ ನಿಂತದ್ದಕ್ಕೆ ದಿನಕ್ಕೆ 250 ಡಾಲರಿನಂತೆ 407 ದಿನ ದಂಡ ಬಿತ್ತು. ಆ ಒಂದು ತಪ್ಪಿಗೇ 1,01,750 ಡಾಲರ್. ಅಲ್ಲಿ ನೋಂದಣಿಯ ಪ್ರಶ್ನೆ ಇರಲಿಲ್ಲ, ದಂಡದ ಯಂತ್ರ ಅದೇ. 2019ರ ಟಿಂಬ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅತಿದಂಡ ಕೂಡದೆಂಬ ಸಂವಿಧಾನದ ಕಟ್ಟಳೆ ರಾಜ್ಯಗಳಿಗೂ ಊರುಗಳಿಗೂ ಅನ್ವಯಿಸುತ್ತದೆಂದಿತು, ಎಷ್ಟಾದರೆ ಅತಿ ಎಂಬುದನ್ನು ಅಳೆದು ಕೊಡಲಿಲ್ಲ. ಮಿಸೌರಿಯ ಫರ್ಗ್ಯುಸನ್ ಬಗೆಗೆ ಕೇಂದ್ರ ನ್ಯಾಯ ಇಲಾಖೆ 2015ರಲ್ಲಿ ಕೊಟ್ಟ ವರದಿ, ಸಣ್ಣಪುಟ್ಟ ನಿಯಮಭಂಗಗಳ ದಂಡ ಒಂದು ಊರಿನ ಆದಾಯದ ಮೂಲವೇ ಆಗಿಬಿಟ್ಟಾಗ ಏನಾಗುತ್ತದೆಂದು ತೋರಿಸಿತು.

ಇನ್ನು ದೂರಿನ ಸಂಗತಿ. ಈ ನಿಯಮಗಳ ಜಾರಿ ಬಹುಮಟ್ಟಿಗೆ ನಡೆಯುವುದು ಯಾರೋ ದೂರು ಕೊಟ್ಟಾಗ. ಆ ಯಾರೋ ಸಾಮಾನ್ಯವಾಗಿ ಪಕ್ಕದವರೇ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ಸಹೋದರನ ತಪ್ಪನ್ನು ತಿದ್ದುವ ಕ್ರಮ ಹೇಳುತ್ತದೆ: ಮೊದಲು ಒಬ್ಬನೇ ಹೋಗಿ ಹೇಳು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದೊಯ್ಯಿ, ಆಮೇಲೆ ಸಭೆಗೆ ತಿಳಿಸು. ಅನಾಮಧೇಯ ದೂರು ಸೀದಾ ಸಭೆಯಿಂದಲೇ ಶುರುವಾಗುತ್ತದೆ. ಅದರಿಂದ ದೂರುದಾರನಿಗೆ ಸೇಡಿನ ಭಯವಿಲ್ಲ, ನಿಜ. ಆದರೆ ನೋಟಿಸು ಹಿಡಿದವನಿಗೆ ಅಂದಿನಿಂದ ಬೀದಿಯ ಎಲ್ಲ ಮನೆಗಳೂ ಶಂಕೆಯ ಮನೆಗಳಾಗುತ್ತವೆ. ಫ್ಲಾರಿಡಾ 2021ರಲ್ಲಿ ಕಾನೂನು ಮಾಡಿ, ತುರ್ತು ಅಪಾಯದ ಸಂದರ್ಭ ಬಿಟ್ಟು ಉಳಿದೆಡೆ ಹೆಸರು ವಿಳಾಸ ಕೊಡದವರ ದೂರಿನ ಮೇಲೆ ತನಿಖೆ ನಡೆಸಕೂಡದೆಂದಿತು. ಪಕ್ಕದ ಮನೆಯ ಬಾಗಿಲು ಬಡಿದು ಮಾತಾಡುವುದನ್ನು ಯಾವ ಕಾನೂನೂ ಹೇರಲಾರದು, ಆದರೆ ಬಡಿಯದಿರುವುದನ್ನು ಇಷ್ಟು ಸಲೀಸು ಮಾಡದಿರಬಹುದಿತ್ತು.

ನಷ್ಟ ಹಂಚಿಕೊಳ್ಳುವ ಲೆಕ್ಕ ಪೂರ್ತಿ ಮರೆತುಹೋಗಿಲ್ಲ ಎಂಬುದಕ್ಕೆ ಕ್ಯಾಲಿಫೋರ್ನಿಯಾ ಸಾಕ್ಷಿ. ಅಲ್ಲಿ ಬಿಟ್ಟುಹೋದ ಮತ್ತು ಕೆಟ್ಟ ವಾಹನಗಳನ್ನು ತೆಗೆಸಲು ಕೌಂಟಿಗಳು ನೋಂದಾಯಿತ ವಾಹನವೊಂದಕ್ಕೆ ವರ್ಷಕ್ಕೆ 1 ಡಾಲರ್ ಸಂಗ್ರಹಿಸಬಹುದು. ಓಡುವ ಕಾರಿನವರೆಲ್ಲ ಓಡದ ಕಾರಿನ ಖರ್ಚಿಗೆ ಕೈಹಾಕಿದಂತಾಯಿತು. ಖಾಸಗಿ ಜಾಗದಿಂದ ವಾಹನ ತೆಗೆಸುವ ಮುನ್ನ ಸಾಮಾನ್ಯವಾಗಿ 10 ದಿನದ ನೋಟಿಸು ಕೊಡಬೇಕು, ಮಾಲೀಕ ಕೇಳಿದರೆ ವಿಚಾರಣೆ ನಡೆಸಬೇಕು. ಅದೇ ರಾಜ್ಯದ ಮೋಟಾರು ವಾಹನ ಇಲಾಖೆ, ಈ ವರ್ಷ ಕಾರನ್ನು ಓಡಿಸುವುದಿಲ್ಲ ಎಂದು ಬರೆದುಕೊಟ್ಟವನಿಂದ ಪೂರ್ತಿ ನೋಂದಣಿ ಶುಲ್ಕದ ಬದಲು ಸಣ್ಣ ಮೊತ್ತ ಪಡೆಯುತ್ತದೆ. ಷರತ್ತು ಒಂದೇ: ಆ ಕಾರು ಸಾರ್ವಜನಿಕ ರಸ್ತೆಯಲ್ಲಿ ಓಡಲೂಬಾರದು, ನಿಲ್ಲಲೂಬಾರದು. ಅಂದರೆ ಅದು ಖಾಸಗಿ ಜಾಗದಲ್ಲೇ ಇರಬೇಕೆಂದು ರಾಜ್ಯ ಹೇಳುತ್ತದೆ. ಚಾಲ್ತಿ ನೋಂದಣಿ ಇಲ್ಲದ ಕಾರು ಅಂಗಳದಲ್ಲಿ ಕಾಣಕೂಡದೆಂಬ ಉಪವಿಧಿ ಇರುವ ನಗರದಲ್ಲಿ ಗ್ಯಾರೇಜಿಲ್ಲದವನು ಅದನ್ನು ಎಲ್ಲಿಡಬೇಕೆಂಬುದಕ್ಕೆ ಎರಡು ಕಾನೂನುಗಳೂ ಸೇರಿ ಕೊಡುವ ಉತ್ತರ, ಬಾಡಿಗೆಗೆ ಹಿಡಿದ ಗೋದಾಮು ಅಥವಾ ಗುಜರಿ.